ನೀರು ಇಡುವ ಮುಹೂರ್ತ

ಆರು ಋತುಗಳನ್ನು ಬಾಯಿಪಾಠ ಮಾಡಿ ಬೆಳೆದವರಿಗೆ ಜಾಂಬಿಯಾದ ಲೆಕ್ಕ ಕಂಡರೆ ಕನಿಕರ ಹುಟ್ಟೀತು. ಅಲ್ಲಿರುವುದು ಮೂರೇ: ಚಳಿ, ಬಿಸಿಲು, ಮಳೆ. ಅದರಲ್ಲೂ ಚಳಿ ಬರುವುದು ಜೂನ್, ಜುಲೈ ತಿಂಗಳಲ್ಲಿ, ನಾವು ಇಲ್ಲಿ ಕೊಡೆ ಹುಡುಕುವ ಹೊತ್ತಿಗೆ. ಆಫ್ರಿಕಾ ಎಂದರೆ ಬರೀ ಬೆಂಕಿ ಎಂದು ನಂಬಿ ಸ್ವೆಟರ್ ಬಿಟ್ಟು ಹೋದವರು ಲುಸಾಕಾದ ರಾತ್ರಿಯಲ್ಲಿ ಹಲ್ಲು ಕಟಕಟಿಸಬೇಕಾಗುತ್ತದೆ. ಆ ಊರು ಕೂತಿರುವುದು ಸುಮಾರು 1,280 ಮೀಟರ್ ಎತ್ತರದಲ್ಲಿ, ಬೆಂಗಳೂರಿಗಿಂತಲೂ ಮೇಲೆ. ಭೂಪಟ ಉಷ್ಣವಲಯ ಎನ್ನುತ್ತದೆ, ಎತ್ತರ ಒಪ್ಪುವುದಿಲ್ಲ.

ಅಕ್ಟೋಬರ್ ಬಂತೆಂದರೆ ಮಾತ್ರ ಭೂಪಟದ ಮಾತೇ ನಿಜ. ಲುವಾಂಗ್ವಾ ಕಣಿವೆಯಲ್ಲಿ ಪಾದರಸ 40 ಡಿಗ್ರಿ ದಾಟುವುದುಂಟು. ದೇಶ ಸ್ವತಂತ್ರವಾದದ್ದೂ ಇದೇ ತಿಂಗಳು, 1964ರ 24ನೇ ತಾರೀಖು. ಬಾವುಟ ಏರಿದ್ದು ನಡುರಾತ್ರಿಯಲ್ಲಿ. ಇತಿಹಾಸಕಾರರು ಏನೇ ಹೇಳಲಿ, ಸೆಖೆ ಬಲ್ಲವರು ಯಾರೋ ಆ ಹೊತ್ತು ಗೊತ್ತುಮಾಡಿರಬೇಕೆಂದು ನನ್ನ ಗುಮಾನಿ. ಈ ಉರಿಯಲ್ಲೇ ಲುಸಾಕಾದ ಜಕರಂಡಾಗಳು ಹೂ ತುಂಬಿ ನಿಲ್ಲುತ್ತವೆ. ಮಿಯೊಂಬೊ ಕಾಡಿನ ಮರಗಳಂತೂ ಮಳೆ ಶುರುವಾಗುವ ಮೊದಲೇ ಕೆಂಪು ಚಿಗುರು ಬಿಟ್ಟುಕೊಂಡು ಕೂರುತ್ತವೆ. ಮಳೆ ಬಂದೇ ಬರುತ್ತದೆಂದು ಅವಕ್ಕೆ ಯಾರು ಹೇಳಿದರೋ!

ಬರುತ್ತದೆ, ಹೆಚ್ಚುಕಡಿಮೆ ನವೆಂಬರಿನಲ್ಲಿ. ರೈತರು ಮೆಕ್ಕೆಜೋಳ ಬಿತ್ತುತ್ತಾರೆ. ದೀಪಕ್ಕೆ ಮುತ್ತುವ ರೆಕ್ಕೆಗೆದ್ದಲು ಹುರಿದ ತಿಂಡಿಯಾಗುತ್ತದೆ.

ನನಗೆ ತೀರಾ ಇಷ್ಟವಾದದ್ದು ಪಶ್ಚಿಮದ ಬಾರೋಟ್ಸೆ ಬಯಲಿನ ಸಂಗತಿ. ಮೇಲೆ ಸುರಿದದ್ದು ಜಾಂಬೆಜಿ ನದಿಯಲ್ಲಿ ಸಾವಕಾಶವಾಗಿ ಇಳಿದು ಬರುವುದರಿಂದ, ಮಳೆ ಹಿಂದೆಗೆಯುವ ಹೊತ್ತಿಗೆ ಬಯಲು ತುಂಬುತ್ತದೆ. ಆಗ ಲೋಜಿ ಜನರ ಅರಸ, ಲಿಟುಂಗಾ, ಲಿಯಾಲುಯಿಯ ಅರಮನೆ ಬಿಟ್ಟು ಎತ್ತರದ ಲಿಮುಲುಂಗಾಕ್ಕೆ ಹೊರಡುತ್ತಾನೆ. ಇದೇ ಕುವೊಂಬೊಕಾ ಉತ್ಸವ. ಕಪ್ಪು ಬಿಳಿ ಪಟ್ಟೆಯ ದೊಡ್ಡ ದೋಣಿ, ಸಾಲಾಗಿ ನಿಂತು ಹುಟ್ಟು ಹಾಕುವವರು, ನಗಾರಿಯ ಸದ್ದು. ದೋಣಿಯ ಮೇಲೊಂದು ಬೊಂಬೆಯಾನೆ, ಕಿವಿ ಬೇರೆ ಆಡಿಸುತ್ತದೆ! ಪ್ರವಾಸಿಗಳ ಪೇಚಾಟವೆಂದರೆ ದಿನಾಂಕ. ಮಾರ್ಚ್ ಇರಬಹುದು, ಏಪ್ರಿಲ್ ಇರಬಹುದು. ನೀರು ಏರದೆ ದಿನ ಗೊತ್ತಾಗುವುದಿಲ್ಲ. ನೀರು ಸಾಲದ ವರ್ಷ ಮೆರವಣಿಗೆಯೇ ಇಲ್ಲ. ವಿಮಾನದ ಟಿಕೆಟ್ ತೋರಿಸಿ ನದಿಯನ್ನು ಅವಸರಪಡಿಸಲಾದೀತೇ?

ನೆರೆ ಇಳಿದ ಮೇಲೆ ಅರಸ ಹಿಂದಿರುಗುವುದಕ್ಕೂ ಒಂದು ಹೆಸರಿದೆ, ಕುಫುಲುಹೆಲಾ. ಅದಕ್ಕೆ ಅಷ್ಟು ಗದ್ದಲವಿಲ್ಲ. ಮನೆ ಖಾಲಿ ಮಾಡುವುದನ್ನು ನೋಡಲು ನೆರೆಯುವ ಜನ ಸಾಮಾನು ಇಳಿಸುವಾಗ ಎಲ್ಲಿರುತ್ತಾರೆ!