ಪೀಣ್ಯದ ಮಾವ, ತುರಹಳ್ಳಿಯ ಬಂಡೆ

ಮೌಂಟನ್ ಬೈಕಿನಿಂದ ಬಿದ್ದ ಗಂಡನ ಬಗ್ಗೆ ಪಕ್ಕದ ಫ್ಲ್ಯಾಟಿನವರಿಗೆ ಏನು ಹೇಳುವುದೆಂಬುದು ನನ್ನ ಹೆಂಡತಿಗೆ ಬಹಳ ಕಾಲ ತಲೆನೋವಾಗಿತ್ತು. ಈಗ ಅವಳೇ ಉತ್ತರ ಕಂಡುಕೊಂಡಿದ್ದಾಳೆ: "ಬಾತ್‌ರೂಮಲ್ಲಿ ಜಾರಿಬಿದ್ರು." ನಲವತ್ತು ದಾಟಿದ ಗಂಡಸು ಬಾತ್‌ರೂಮಿನಲ್ಲಿ ಜಾರಿದರೆ ಜನ ಮರುಗುತ್ತಾರೆ. ಅದೇ ಮನುಷ್ಯ ಎಲೆಕ್ಟ್ರಾನಿಕ್ ಸಿಟಿಯಿಂದ ಕಾರಿನ ತಲೆಗೆ ಸೈಕಲ್ ಕಟ್ಟಿಕೊಂಡು, ಪೆಟ್ರೋಲ್ ಸುಟ್ಟುಕೊಂಡು ತುರಹಳ್ಳಿ ಕಾಡಿಗೆ ಹೋಗಿ ಬಿದ್ದುಬಂದ ಅಂದರೆ ಮೊದಲು ನಗುತ್ತಾರೆ, ಆಮೇಲೆ ಸೈಕಲ್ಲಿನ ರೇಟು ಕೇಳುತ್ತಾರೆ. ರೇಟು ಅವಳಿಗೂ ಪೂರ್ತಿ ಗೊತ್ತಿಲ್ಲ.

ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ತುರಹಳ್ಳಿಯದೂ ಅದೇ ವಂಶ. ಅಷ್ಟು ಹಿರಿಯರ ಮೈಮೇಲೆ ಟೈರು ಹತ್ತಿಸಿದರೆ ಸುಮ್ಮನಿರುತ್ತಾರೆಯೇ? ಇಳಿಜಾರಿನಲ್ಲಿ ಬಂಡೆ ಸವೆದು ಉದುರಿದ ದಪ್ಪ ಮರಳು ಹರಡಿರುತ್ತದೆ. ಅದರ ಮೇಲೆ ಚಕ್ರ ಬೇರಿಂಗಿನ ಗುಂಡುಗಳ ಮೇಲೆ ಹೊರಳಿದಂತೆ ಹೊರಳುತ್ತದೆ. ಗಾಬರಿಯಲ್ಲಿ ಮುಂದಿನ ಡಿಸ್ಕ್ ಬ್ರೇಕ್ ಹಿಚುಕಿದಿರೋ, ಚಕ್ರ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಹ್ಯಾಂಡಲ್ ದಾಟಿ ಬಂದವರನ್ನು ಹಿಡಿದುಕೊಳ್ಳಲು ಲಂಟಾನದ ಪೊದೆ ಕಾದಿರುತ್ತದೆ. ಹಿಡಿದದ್ದನ್ನು ಸುಲಭಕ್ಕೆ ಬಿಡುವ ಜಾತಿಯದಲ್ಲ ಅದು.

ಗಾಯಕ್ಕೆ ಅತ್ತೆಯವರ ಅರಿಶಿನ, ಕೊಬ್ಬರಿ ಎಣ್ಣೆ ಇದೆ. ವಿಚಾರಣೆಗೆ ಮಾವನವರಿದ್ದಾರೆ.

ಮಾವ ಪೀಣ್ಯದ ವರ್ಕ್‌ಶಾಪೊಂದರಲ್ಲಿ ಟರ್ನರ್ ಆಗಿ ನಿವೃತ್ತರಾದವರು. ದಾಸರಹಳ್ಳಿಯಿಂದ ಪೀಣ್ಯಕ್ಕೆ, ಕಂಬಿ ಬ್ರೇಕಿನ ಅಟ್ಲಾಸ್ ಸೈಕಲ್ಲಿನಲ್ಲಿ, ಹ್ಯಾಂಡಲ್ಲಿಗೆ ಕ್ಯಾರಿಯರ್ ನೇತುಹಾಕಿಕೊಂಡು ಇಡೀ ನೌಕರಿ ಮುಗಿಸಿದರು. ಸಾರು ಚೆಲ್ಲಿದ ದಾಖಲೆ ಇಲ್ಲ. ಅಂಥವರೆದುರು ನಾನು ಮೊಣಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಕೂತು, ಈ ಕ್ರೀಡೆಯ ಇತಿಹಾಸ ಹೇಳಿ ಮಾನ ಉಳಿಸಿಕೊಳ್ಳಲು ನೋಡಿದೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವರು ಹಳೇ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಗುಡ್ಡ ಇಳಿಯುವ ಪಂದ್ಯ ಶುರುಮಾಡಿದರು. ಒಂದು ಸಲ ಇಳಿಯುವಷ್ಟರಲ್ಲಿ ಬ್ರೇಕಿನ ಹಬ್ಬು ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕಿತ್ತು. ಅದಕ್ಕೇ ಆ ಪಂದ್ಯಕ್ಕೆ 'ರೀಪ್ಯಾಕ್' ಅಂತ ಹೆಸರು, ಮಾವ.

"ನಿಧಾನಕ್ಕೆ ಇಳಿದಿದ್ರೆ ಗ್ರೀಸ್ ಉಳೀತಿತ್ತಲ್ರೀ?" ಅಂದರು ಮಾವ.

ನಾನು ಬೀಳುವುದು ಸಾಮಾನ್ಯವಾಗಿ ಬಲಕ್ಕೆ, ಚೈನಿರುವ ಮಗ್ಗುಲಿಗೆ. ಹಿಂದಿನ ಗೇರ್ ಬದಲಿಸುವ ಡಿರೈಲರ್ ಇರುವುದೂ ಅಲ್ಲೇ. ಅದನ್ನು ಫ್ರೇಮಿಗೆ ತಗುಲಿಸುವ ಹೆಬ್ಬೆರಳಷ್ಟು ದೊಡ್ಡ ಅಲ್ಯುಮಿನಿಯಂ ತುಂಡಿಗೆ ಹ್ಯಾಂಗರ್ ಅನ್ನುತ್ತಾರೆ. ಬಿದ್ದಾಗೆಲ್ಲ ಅದು ಬಾಗುತ್ತದೆ ಅಥವಾ ಮುರಿಯುತ್ತದೆ. ಮುರಿದದ್ದನ್ನು ಮಾವ ಬೆಳಕಿಗೆ ಹಿಡಿದು ನೋಡಿದರು. "ಏನ್ರೀ ಅಳಿಯಂದಿರೇ, ಇಷ್ಟು ಮೆತ್ತಗಿನ ಮಾಲು! ನಿಮಗೆ ಟೋಪಿ ಹಾಕಿದಾರೆ."

ಮಾರನೆಯ ದಿನವೇ ವರ್ನಿಯರ್ ಹಿಡಿದು ಅಳತೆ ತೆಗೆದರು. ಪೀಣ್ಯದಲ್ಲಿ ಹಳೇ ಸ್ನೇಹಿತರ ಶೆಡ್ಡಿಗೆ ಹೋಗಿ, ಇಎನ್-8 ಸ್ಟೀಲಿನ ತುಂಡಿನಿಂದ ಮಿಲ್ಲಿಂಗ್ ಮಾಡಿಸಿ, ಟ್ಯಾಪ್ ಹೊಡೆದು, ಅರದಿಂದ ಅಂಚು ಸವರಿ ತಂದುಕೊಟ್ಟರು. ಒಡವೆಯಂತಿತ್ತು. ನಮ್ಮಂಥವರಿಗೆ ಕೈಗೆ ಸಿಗುವಂಥದ್ದೇನನ್ನಾದರೂ ಮಾಡಿ ಗೊತ್ತೇ? ನನಗೆ ಗೊತ್ತಿಲ್ಲ, ಬಾಯಿ ಮುಚ್ಚಿಕೊಂಡು ಬಿಗಿಸಿಕೊಂಡೆ.

ಮುಂದಿನ ಸಲ ಬಿದ್ದಾಗ ಹ್ಯಾಂಗರ್ ಕೂದಲೆಳೆಯಷ್ಟೂ ಬಾಗಲಿಲ್ಲ. ಅದನ್ನು ಕೂರಿಸಿದ್ದ ಫ್ರೇಮಿನ ತುದಿಯೇ ಸೀಳಿತು.

"ನೋಡಿ, ನನ್ನ ಪೀಸಿಗೆ ಏನೂ ಆಗಿಲ್ಲ!" ಎಂದು ಮಾವ ಹಿಗ್ಗಿದರು. ಸೀಳನ್ನು ನೋಡಿ ಕನ್ನಡಕ ತೆಗೆದರು. "ಲೇತಿನಲ್ಲೂ ಶಿಯರ್ ಪಿನ್ ಅಂತ ಇರುತ್ತೆ. ಏನಾದ್ರೂ ಸಿಕ್ಕಿಹಾಕಿಕೊಂಡ್ರೆ ಅದು ಮುರಿದು ಗೇರುಗಳನ್ನ ಉಳಿಸುತ್ತೆ. ಇದೂ ಅದೇ ಅಲ್ವೇನ್ರೀ? ಮೊದಲೇ ಹೇಳಬಾರದಿತ್ತಾ?"

"ಹಾಗಾದ್ರೆ ಇವರಿಗೂ ಒಂದು ಹಾಕಿಸಿಬಿಡಿ ಅಪ್ಪ," ಅಂದಳು ನನ್ನವಳು ಅಡುಗೆಮನೆಯಿಂದ.

ಅದು ಹುಟ್ಟುವಾಗಲೇ ಹಾಕಿ ಕಳಿಸಿರುತ್ತಾರೆ. ಬೀಳುವಾಗ ಕೈ ಚಾಚಿದರೆ ಪೆಟ್ಟು ಭುಜದವರೆಗೂ ಏರಿ ಕಾಲರ್ ಬೋನ್ ಮುರಿಯಬಹುದು. ಸೈಕಲ್ ಸವಾರರು ಹೆಚ್ಚಾಗಿ ಮುರಿದುಕೊಳ್ಳುವ ಮೂಳೆಗಳಲ್ಲಿ ಅದೂ ಒಂದು. ಈ ಜ್ಞಾನವನ್ನು ನಾನು ಆ ಹೊತ್ತಿನಲ್ಲಿ ಹಂಚಿಕೊಳ್ಳಲಿಲ್ಲ.

ಹೊಸ ಫ್ರೇಮಿನ ರೇಟೂ ಮನೆಯಲ್ಲಿ ಇನ್ನೂ ಪೂರ್ತಿ ಬಹಿರಂಗವಾಗಿಲ್ಲ. ನೀವು ಈ ಸೈಕಲ್ ಕೊಳ್ಳುವವರಾದರೆ ಒಂದು ಹ್ಯಾಂಗರನ್ನು ಜಾಸ್ತಿ ಕೊಂಡು ಬ್ಯಾಗಿನಲ್ಲಿಟ್ಟುಕೊಳ್ಳಿ. ಒಂದು ಫ್ರೇಮಿನದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ, ಅಂಗಡಿಗೆ ಹೋಗುವಾಗ ಮಾಡೆಲ್ ಹೆಸರು, ವರ್ಷ ಬರೆದುಕೊಂಡು ಹೋಗಿ. ಮುರಿದದ್ದನ್ನು ಮಾತ್ರ ಮನೆಗೆ ತರಬೇಡಿ, ಅದರಲ್ಲೂ ಮಾವ ಪೀಣ್ಯದವರಾಗಿದ್ದರೆ.