ಪುಡಿ ಪಂಡಿತರಿಗೆ ಕಿವಿಮಾತು

ಎಚ್‌ಐವಿಗೆ ಮೂಲಿಕೆ ಮದ್ದು ಮಾರಲು ಹೊರಟ ಪಂಡಿತರೇ, ಪುಡಿ ಎಲ್ಲ ಕಡೆ ಅದೇ ಇರಲಿ, ಪ್ಯಾಕಿಂಗ್ ಮಾತ್ರ ಏರಿಯಾ ನೋಡಿ ಮಾಡಿ. ಶಿವಾಜಿನಗರದಲ್ಲಿ ಕಾಗದದ ಪೊಟ್ಟಣ, ಹಲಸೂರಿನಲ್ಲಿ ಪ್ಲಾಸ್ಟಿಕ್ ಡಬ್ಬಿ, ಇಂದಿರಾನಗರದಲ್ಲಿ ಬಿರಡೆ ಹಾಕಿದ ಗಾಜಿನ ಬಾಟಲಿ. ಕೆ.ಆರ್. ಪುರದ ತೂಗುಸೇತುವೆ ಹತ್ತಿರ ಗೋಡೆಗೊಂದು ಚೀಟಿ ಸಾಕು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರು ಅದನ್ನು ಓದದೆ ಇನ್ನೇನು ಮಾಡುತ್ತಾರೆ?

ಚೀಟಿಯಲ್ಲಿ ‘ಏಡ್ಸ್ ವಾಸಿ’ ಎಂದು ಮಾತ್ರ ಬರೆಯಬೇಡಿ. ವಾಸಿ ಮಾಡುತ್ತೇವೆಂದು ಹೇಳಿಕೊಳ್ಳಬಾರದ ಕಾಯಿಲೆಗಳಿಗೆಂದೇ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಜೆ ಎಂಬ ಪಟ್ಟಿಯಿದೆ. ಬೊಕ್ಕತಲೆಯೂ ಇರುವ ಆ ಪಟ್ಟಿಯಲ್ಲಿ ಮೊದಲ ಹೆಸರೇ ಏಡ್ಸ್. ‘ಇಮ್ಯುನಿಟಿ’ ಎಂದು ಬರೆಯಿರಿ. ಅದಕ್ಕೆ ಯಾವ ಇನ್‌ಸ್ಪೆಕ್ಟರೂ ಬೀಗ ಜಡಿಯಲಾರ.

ನಿಮ್ಮ ಪ್ರತಿಸ್ಪರ್ಧಿ ಬೌರಿಂಗ್ ಆಸ್ಪತ್ರೆಯ ಎಆರ್‌ಟಿ ಕೇಂದ್ರ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಒಂದೇ ಮಾತ್ರೆಯಲ್ಲಿ, ದಿನಕ್ಕೊಂದು, ಅದೂ ಬಿಟ್ಟಿ. ಸರಕಾರ ಎಚ್‌ಐವಿಗೆ ಉಚಿತ ಚಿಕಿತ್ಸೆ ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ತಾರೀಖೇ ನಿಮಗೆ ಅರ್ಧ ಪ್ರಚಾರ. ತಪ್ಪದೆ ನುಂಗಿದರೆ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ ನಿಜ. ಗಾಬರಿ ಬೇಡ. ‘ಮಾತ್ರೆಯೂ ನಡೀಲಿ, ಪುಡಿಯೂ ನಡೀಲಿ ಸ್ವಾಮಿ’ ಎನ್ನಿ. ವೈರಲ್ ಲೋಡ್ ಇಳಿದರೆ ಕೀರ್ತಿ ಪುಡಿಗೆ, ಏರಿದರೆ ತಪ್ಪು ಪಥ್ಯ ಮುರಿದವನದು. ಕಬ್ಬಿಣ, ಸುಣ್ಣದ ಅಂಶವಿರುವ ಮದ್ದನ್ನು ಬರಿಹೊಟ್ಟೆಯಲ್ಲಿ ಮಾತ್ರೆ ಜೊತೆಗೇ ತೆಗೆದುಕೊಂಡರೆ ಡೊಲುಟೆಗ್ರಾವಿರ್ ರಕ್ತಕ್ಕೆ ಸೇರುವುದೇ ಕಡಿಮೆ. ‘ಪ್ರಕೃತಿಗೆ ಸೈಡ್ ಎಫೆಕ್ಟ್ ಇಲ್ಲ’ ಎಂಬ ಬೋರ್ಡನ್ನು ಆಗ ಇನ್ನಷ್ಟು ದೊಡ್ಡದು ಮಾಡಿಸಿ.

ವಿಜ್ಞಾನಿಗಳ ದಾರಿಯಂತೂ ಬೇಡವೇ ಬೇಡ. 1987ರಲ್ಲಿ ಅವರು ಸರಾವಾಕ್ ಕಾಡಿನಲ್ಲಿ ನಮ್ಮ ಸುರಹೊನ್ನೆಯ ದಾಯಾದಿ ಮರವೊಂದರ ಎಲೆ, ರೆಂಬೆ ತಂದರು. ಅದರಲ್ಲಿ ಸಿಕ್ಕಿದ ಕಲನೊಲೈಡ್ ಎ ಎಂಬ ರಾಸಾಯನಿಕ ಲ್ಯಾಬಿನಲ್ಲಿ ವೈರಸ್ಸನ್ನು ತಡೆಯಿತು. ಇನ್ನಷ್ಟು ತರಲು ಹೋದರೆ ಆ ಮರವನ್ನೇ ಯಾರೋ ಕಡಿದಿದ್ದರು. ಆಮೇಲೆ ಆ ರಾಸಾಯನಿಕವನ್ನು ಲ್ಯಾಬಿನಲ್ಲೇ ತಯಾರಿಸಿ, ಮನುಷ್ಯರ ಮೇಲೂ ಪರೀಕ್ಷಿಸಿದರು. ಇವತ್ತಿಗೂ ಅಂಗಡಿಗೆ ಬಂದಿಲ್ಲ. ನೀವು ಬೆಳಗ್ಗೆ ಅರೆದದ್ದನ್ನು ಸಂಜೆಗೆ ಮಾರುವವರು. ನಿಮಗೇಕೆ ಆ ತಾಳ್ಮೆ?

ದೊಡ್ಡ ಹುದ್ದೆಯ ಆಸೆಯಿದ್ದರೆ ದಕ್ಷಿಣ ಆಫ್ರಿಕಾ ನೋಡಿ ಕಲಿಯಿರಿ. ಅಲ್ಲಿ ಆರೋಗ್ಯ ಸಚಿವೆಯೇ ಬೆಳ್ಳುಳ್ಳಿ, ಬೀಟ್‌ರೂಟ್, ನಿಂಬೆಯ ಗುಣಗಾನ ಮಾಡಿದರು. ಸರಕಾರ ಮಾತ್ರೆ ಕೊಡಲು ಮೀನಮೇಷ ಎಣಿಸಿದ್ದಕ್ಕೆ ಹೋದ ಜೀವಗಳು 3,30,000ಕ್ಕೂ ಹೆಚ್ಚೆಂದು 2008ರಲ್ಲಿ ಹಾರ್ವರ್ಡ್ ಸಂಶೋಧಕರು ಅಂದಾಜಿಸಿದರು.

ಬಂಡವಾಳದ ಚಿಂತೆಯೇ? ಅದನ್ನು ಊರೇ ಕೊಟ್ಟಿದೆ. ಬೌರಿಂಗ್ ಸಾಲಿನಲ್ಲಿ ನಿಂತರೆ ಯಾರಾದರೂ ನೋಡಿಯಾರೆಂಬ ಭಯ, ಬಾಡಿಗೆ ಮನೆ ಬಿಡಿಸಿಯಾರೆಂಬ ಭಯ. ಜನ ಕಾಸು ಕೊಡುವುದು ನಿಮ್ಮ ಪುಡಿಗಲ್ಲ, ಗುಟ್ಟಿಗೆ. ಮೋಸ ಹೋದವನು ದೂರು ಕೊಡಬೇಕಾದರೆ ಕಾಯಿಲೆಯ ಹೆಸರು ಹೇಳಬೇಕು, ಹೇಳುವುದಿಲ್ಲ. ಮಾತ್ರೆ ಬಿಟ್ಟು ನಿಮ್ಮನ್ನೇ ಪೂರ್ತಿ ನಂಬಿದವನಂತೂ ದೂರು ಕೊಡಲು ಬಹಳ ದಿನ ಉಳಿಯುವುದಿಲ್ಲ.