ಉಡದಾರದ ಪೆನ್‌ಡ್ರೈವ್

ಕೆಲವರು ಉಡದಾರಕ್ಕೆ ತಿಜೋರಿಯ ಕೀಲಿ ಕಟ್ಟಿಕೊಳ್ಳುತ್ತಾರೆ. ಲಿನಕ್ಸ್ ಭಕ್ತ ಪೆನ್‌ಡ್ರೈವ್ ಕಟ್ಟಿಕೊಳ್ಳುತ್ತಾನೆ. ಕೊಪ್ಪಳ ಜಿಲ್ಲೆಯ ತಾಲೂಕು ನಾಲ್ಕಿದ್ದದ್ದು ಏಳಾದರೂ ಈ ಸಂತತಿ ಬೆಳೆಯಲಿಲ್ಲ. ಕುಷ್ಟಗಿಗೊಬ್ಬ, ಯಲಬುರ್ಗಾಕ್ಕೊಬ್ಬ ಇದ್ದರೆ ಹೆಚ್ಚು. ಗಂಗಾವತಿಯವನು ನನ್ನ ಪಾಲಿಗೆ ಬಂದ.

ಗುರುತು ಸುಲಭ. ಮದುವೆ ಮನೆಯಲ್ಲೂ ‘ನಿಮ್ಮ ಕಂಪ್ಯೂಟರ್ ಆರಾಮೇನ್ರಿ?’ ಎನ್ನುತ್ತಾನೆ, ನಿಮ್ಮ ಆರೋಗ್ಯ ಕೇಳುವುದಿಲ್ಲ. ಮೌಸ್ ಮುಟ್ಟಿದರೆ ಮೈಲಿಗೆ. ದುಡ್ಡೂ ಮುಟ್ಟುವುದಿಲ್ಲ. ಮಿರ್ಚಿ-ಮಂಡಕ್ಕಿ ಮುಟ್ಟುತ್ತಾನೆ, ಎರಡು ಪ್ಲೇಟು.

ನನ್ನ ಹಳೆ ಕಂಪ್ಯೂಟರಿಗೆ ಲಿನಕ್ಸ್ ದೀಕ್ಷೆ ಕೊಟ್ಟವನೂ ಅವನೇ. ‘ಇನ್ನ ಹತ್ತು ವರ್ಷ ಚಿಂತಿಲ್ರಿ’ ಅಂದಿದ್ದ. ಒಂದು ಏಪ್ರಿಲ್ ಮಧ್ಯಾಹ್ನ ಹೋದ ಕರೆಂಟು ಬಂತು, ಕಂಪ್ಯೂಟರ್ ಬರಲಿಲ್ಲ. ಕರಿ ಪರದೆ, ಮೂಲೆಯಲ್ಲಿ ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಅಸುರ. ಬೆಳಗಾದರೆ ಲೇಖನ ಕಳಿಸಬೇಕು. ಅವನಿಗೇ ಹೇಳಿ ಕಳಿಸಿದೆ.

ಬಂದ. ಪರದೆ ನೋಡಿ ಮುಖ ಅರಳಿಸಿದ. ‘ಬ್ಯಾಕಪ್ ಐತೇನ್ರಿ?’ ಮನೆ ಹೊತ್ತಿ ಉರಿಯುವಾಗ ‘ಬಾವಿ ತೋಡಿಸಿದ್ರೇನ್ರಿ?’ ಎಂದಂತೆ. ಆಮೇಲೆ ಪುರಾಣ: ‘1991ರಾಗ ಹೆಲ್ಸಿಂಕಿಯೊಳಗ ಲಿನಸ್ ಟೋರ್ವಾಲ್ಡ್ಸ್ ಅಂತ 21 ವರ್ಷದ ಹುಡುಗ, ಬರೇ ಹವ್ಯಾಸಕ್ಕಂತ...’

‘ನನ್ನ ಲೇಖನ?’ ಎಂದೆ.

‘ಗಾಬರಿ ಯಾಕ್ರಿ? ಅಕ್ಕಿ ಎಲ್ಲಾ ಗೋದಾಮಿನ್ಯಾಗ ಐತಿ. ಕೀಲಿ ಕೆಟ್ಟೈತಿ, ಅಷ್ಟ.’ ರೈಸ್‌ಮಿಲ್ಲಿನ ಊರಿನವನಲ್ಲವೇ!

ಪೆನ್‌ಡ್ರೈವ್ ಚುಚ್ಚಿ, ಅದರೊಳಗಿನ ಲಿನಕ್ಸ್ ಎಬ್ಬಿಸಿ, ನನ್ನ ಡಿಸ್ಕಿನ ಮೇಲೆ ಎಫ್‌ಎಸ್‌ಸಿಕೆ ಎಂಬ ಡಿಸ್ಕ್ ವೈದ್ಯನನ್ನು ಬಿಟ್ಟ. ‘ಇದನ್ನು ಸರಿ ಮಾಡಲೇ?’ ಎಂದು ಅದು ಕೇಳುತ್ತ ಹೋಯಿತು. ಇವನು ಸ್ವಾಹಾ ಅಂದಂತೆ ‘ವೈ’ ಒತ್ತುತ್ತ ಹೋದ. ಎಲ್ಲಕ್ಕೂ ಒಂದೇ ಸಲ ಹೂಂ ಅನ್ನುವ ದಾರಿ ಇತ್ತೆಂದು ಆಮೇಲೆ ತಿಳಿಯಿತು. ‘ಕೇಳಿದ್ದಕ್ಕ ಉತ್ತರಾ ಕೊಡೂದು ಮರ್ಯಾದಿರಿ’ ಅಂದ.

ಕಂಪ್ಯೂಟರ್ ಎದ್ದಿತು. ಎದ್ದದ್ದೇ ಪಾಸ್‌ವರ್ಡ್ ಕೇಳಿತು. ಹಿಂದಿನ ವಾರ ಅವನ ಒತ್ತಾಯಕ್ಕೇ ಇಟ್ಟ ಗಟ್ಟಿ ಪಾಸ್‌ವರ್ಡ್. ಇಟ್ಟವನಿಗೂ ಬಗ್ಗದಷ್ಟು ಗಟ್ಟಿ.

ಮತ್ತೆ ಪೆನ್‌ಡ್ರೈವ್. ಡಿಸ್ಕನ್ನು ಮೌಂಟ್ ಮಾಡಿ ‘ಸಿಎಚ್‌ರೂಟ್’ ಎಂದು ಕುಟ್ಟಿದ. ಪೆನ್‌ಡ್ರೈವಿನ ಜೀವ ನನ್ನ ಡಿಸ್ಕಿನ ದೇಹ ಹೊಕ್ಕಿತು. ಥೇಟ್ ಪರಕಾಯ ಪ್ರವೇಶ! ಹಳೆ ಪಾಸ್‌ವರ್ಡ್ ಕೇಳದೆಯೇ ಹೊಸದು ಕೂತಿತು.

‘ಹಂಗಾದ್ರ ಕಳ್ಳನೂ ಹಿಂಗ ಮಾಡಬಹುದಲ್ಲೋ?’

‘ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಲ್ಲಂದ್ರ ಮಾಡಬಹುದ್ರಿ. ಆದ್ರ ನಿಮ್ಮ ಲೇಖನ ಕದಿಯೋ ಕಳ್ಳ ಯಾರ ಅದಾನ್ರಿ?’

ಈಗ ಎಲ್ಲರ ಕೆಲಸವೂ ಫೋನಿನಲ್ಲೇ ಮುಗಿಯುತ್ತದೆ, ಕೆಟ್ಟರೆ ಹೊಸದು. ಎಸೆಯುವ ಮುಂಚೆ ಒಳಗೆ ಅಕ್ಕಿ ಉಳಿದಿದೆಯೇ ಎಂದು ನೋಡುವವರಿಲ್ಲ. ಇವನನ್ನು ಕರೆಯುವವರೂ ಇಲ್ಲ. ಅದಕ್ಕೇ ಏನೋ, ಮೊನ್ನೆ ಕರೆಯದೆಯೇ ಬಂದ. ಬಾಗಿಲಲ್ಲೇ ನಿಂತು ‘ಆರಾಮ ಐತೇನ್ರಿ?’ ಎಂದ. ಆರಾಮಾಗಿಯೇ ಇತ್ತು. ‘ಯಾಕೋ ಸ್ವಲ್ಪ ನಿಧಾನ ಆಗೈತಪಾ’ ಎಂದೆ.

ಚಪ್ಪಲಿ ಬಿಟ್ಟು ಒಳಗೆ ಬಂದ. ‘ಬ್ಯಾಕಪ್?’ ‘ನಾಳೆ ತಗೋತೀನಿ.’ ನಿಟ್ಟುಸಿರು ಬಿಟ್ಟು ಕೀಬೋರ್ಡ್ ಎಳೆದುಕೊಂಡ. ‘1991ರಾಗ...’ ಎಂದು ಶುರು ಮಾಡಿದ.

ಮಿರ್ಚಿಗೆ ಹೇಳಿ ಕಳಿಸಿದೆ. ಎರಡು ಪ್ಲೇಟು.